ಇಪ್ಪತ್ತನೆಯ ಟಿ.ಸಿ.

೧೯೯೦ರ ಆಗಸ್ಟ್ ಎರಡು, ಗುರುವಾರ ಬೆಳಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಗೋಡೆ ಗಡಿಯಾರ ಫೋನಿನ ನೇರ ಮೇಲೆಯೇ ಇತ್ತು. ನನ್ನ ಗಂಡ ಸದಾನಂದ ಮೀನಾ ಅಲ್ ಅಹ್ಮದಿಯ ತೈಲ ಶುದ್ಧೀಕರಣ ಘಟಕದಲ್ಲಿ ಟೆಕ್ನಿಶಿಯನ್ ಆಗಿದ್ದರು. ರಾತ್ರಿಪಾಳಿಯಲ್ಲಿದ್ದಾಗ ಆ ಹೊತ್ತಿಗೆ ಅವರು ಎಂದೂ ಫೋನ್ ಮಾಡಿದವರಲ್ಲ.

"ಬಾಗಿಲು ಹಾಕಿಕೋ. ಮಗುವನ್ನು ಕಿಟಕಿ ಹತ್ತಿರ ಬಿಡಬೇಡ. ಇರಾಕಿನವರು ಒಳಗೆ ಬಂದಿದ್ದಾರಂತೆ."

"ಎಲ್ಲಿ ಒಳಗೆ?"

"ಕುವೈತಿನ ಒಳಗೆ ಮಾರಾಯ್ತಿ!"

ಲೈನು ಕಟ್ಟಾಯಿತು. ಆಗ ನಾನು ಮಾಡಿದ ಮೊದಲ ಕೆಲಸವೆಂದರೆ ಕೈಚೀಲ ತೆರೆದು ಶಾಲೆಯ ಕಪಾಟಿನ ಚಾವಿ ಇದೆಯೇ ಎಂದು ನೋಡಿದ್ದು. ಮಲಗಿದ್ದ ಮಗಳ ಹತ್ತಿರ ಹೋದದ್ದು ಅದಾದ ಮೇಲೆ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಕಳೆದ ತಿಂಗಳು ಮಂಗಳೂರಿನಲ್ಲಿ ನೋಟರಿಯೊಬ್ಬರ ಕಚೇರಿಗೆ ಹೋಗಿದ್ದೆ. ಅವರ ಗುಮಾಸ್ತೆ ಹೊಸ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದಳು. ನೇರಳೆ ಮಸಿಯ ಆ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಸ್ಪಿರಿಟ್ಟಿನಂಥದ್ದು, ಮೂಗಿಗೆ ಬಡಿದದ್ದೇ ಕುರ್ಚಿ ಹಿಡಿದುಕೊಂಡೆ. "ಬಿ.ಪಿ. ಉಂಟಾ ಮೇಡಂ?" ಎಂದು ಕೇಳಿದಳು. ಉಂಟು ಎಂದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಯಾವ ಸ್ಟಾಂಪ್ ಪ್ಯಾಡಿನ ಮುಂದೆಯೂ ನಾನು ಹೀಗೆಯೇ. ಹಾಗಾಗಿ ಬರೆದಾದರೂ ನೋಡೋಣವೆಂದು ಕುಳಿತಿದ್ದೇನೆ.

ನಾನು ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಕುವೈತಿಗೆ ಹೋದವಳು. ಸಾಲ್ಮಿಯಾದ ಒಂದು ಭಾರತೀಯ ಶಾಲೆಯ ಕಚೇರಿಯಲ್ಲಿ ಪ್ರವೇಶ ವಿಭಾಗ ನನ್ನದು. ಹೊರಗಿನವರಿಗೆ ಶಾಲೆ ಎಂದರೆ ತರಗತಿ, ಮೇಷ್ಟ್ರು, ಗಂಟೆ. ಒಳಗಿದ್ದವರಿಗೆ ಗೊತ್ತು, ನಮ್ಮ ಶಾಲೆಗೆ ನಾಲ್ಕು ಯಜಮಾನರು. ಪರವಾನಗಿ ಒಬ್ಬ ಕುವೈತಿಯ ಹೆಸರಿನಲ್ಲಿತ್ತು. ವರ್ಷಕ್ಕೊಮ್ಮೆ ಬಂದು ಖಹ್ವಾ ಕುಡಿದು ಹೋಗುತ್ತಿದ್ದ ಆ ಕಫೀಲ್, ಅಂದರೆ ಅಲ್ಲಿನ ಕಾನೂನಿನ ಜಾಮೀನುದಾರ, ಇಲ್ಲದೆ ಶಾಲೆ ಒಂದು ದಿನವೂ ನಡೆಯುವಂತಿರಲಿಲ್ಲ. ಮೇಷ್ಟ್ರುಗಳನ್ನು ನೇಮಿಸುವುದು, ಬಸ್ಸುಗಳ ದಾರಿ ಗೊತ್ತುಮಾಡುವುದು ಭಾರತೀಯ ವ್ಯಾಪಾರಿಗಳೇ ತುಂಬಿದ್ದ ಆಡಳಿತ ಸಮಿತಿಯ ಕೆಲಸ. ಮಕ್ಕಳಿಗೆ ಅರಬ್ಬಿ ಪಾಠ ಆಗುತ್ತಿದೆಯೇ, ಹುಡುಗ ಹುಡುಗಿಯರು ಬೇರೆ ಬೇರೆ ಪಾಳಿಯಲ್ಲಿ ಕೂರುತ್ತಿದ್ದಾರೆಯೇ ಎಂದು ನೋಡಲು ಅಲ್ಲಿನ ಶಿಕ್ಷಣ ಸಚಿವಾಲಯ ತಪಾಸಣೆಯವರನ್ನು ಕಳಿಸುತ್ತಿತ್ತು. ಪಠ್ಯ ಮತ್ತು ಪರೀಕ್ಷೆ ದಿಲ್ಲಿಯ ಬೋರ್ಡಿನದು. ಬೆಳಗ್ಗೆ ಹುಡುಗಿಯರು, ಮಧ್ಯಾಹ್ನ ಹುಡುಗರು; ಜಹ್ರಾದಿಂದ ಬರುವ ಬಸ್ಸು ತಡವಾದರೆ ಎರಡೂ ಪಾಳಿ ಗೇಟಿನಲ್ಲಿ ಡಿಕ್ಕಿ. ಈ ನಾಲ್ವರು ಯಜಮಾನರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವರೆಲ್ಲ ಸೇರುತ್ತಿದ್ದದ್ದು ಒಂದೇ ಕಡೆ, ನನ್ನ ಮೇಜಿನ ಮೇಲೆ, ಒಂದು ಹಾಳೆಯಲ್ಲಿ. ಅದು ಟಿ.ಸಿ., ವರ್ಗಾವಣೆ ಪತ್ರ. ಅದರಲ್ಲಿ ಪ್ರಿನ್ಸಿಪಾಲರ ಸಹಿ ಬೇಕು; ಸಹಿಯ ಅರ್ಧಭಾಗದ ಮೇಲೆ ಬರುವಂತೆ ಶಾಲೆಯ ದುಂಡು ಸೀಲು ಬೇಕು. ಸೀಲಿನ ಸುತ್ತ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಶಾಲೆಯ ಹೆಸರು, ಕೆಳಗೆ ಕುವೈತ್ ಎಂಬ ಪದ.

"ಸೀಲು ಈ ಕಚೇರಿಯ ಹೊಸ್ತಿಲು ದಾಟಬಾರದು," ಎಂದು ಪ್ರಿನ್ಸಿಪಾಲರು ನನಗೆ ಮೊದಲ ದಿನವೇ ಹೇಳಿದ್ದರು. ಆರು ವರ್ಷ ದಾಟಲಿಲ್ಲ.

ಬೇಸಗೆ ರಜೆಗೆ ಊರಿಗೆ ಹೋಗುವ ಮುನ್ನ ಅವರದ್ದೊಂದು ಪದ್ಧತಿ. ಇಪ್ಪತ್ತು ಖಾಲಿ ಟಿ.ಸಿ. ಹಾಳೆಗಳಿಗೆ ಸಹಿ ಹಾಕಿ ನನ್ನ ಕೈಗೆ ಕೊಡುವರು. ರಜೆಯಲ್ಲಿ ಯಾರಿಗಾದರೂ ತುರ್ತಾಗಿ ಊರಿಗೆ ಹೋಗಬೇಕಾದರೆ ಮಗುವಿನ ವರ್ಷ ಹಾಳಾಗಬಾರದಲ್ಲ. "ಇದು ನಿಯಮದಲ್ಲಿಲ್ಲ ವಸಂತಿ. ಆದರೆ ನಿಯಮವೊಂದರಿಂದಲೇ ಶಾಲೆ ನಡೆಯುವುದಿಲ್ಲ," ಎನ್ನುತ್ತಿದ್ದರು. ಬೇರೆ ವರ್ಷಗಳಲ್ಲಿ ಎರಡೋ ಮೂರೋ ಖರ್ಚಾಗಿ ಉಳಿದದ್ದನ್ನು ಅವರು ಬಂದ ಮೇಲೆ ಹರಿದು ಹಾಕುತ್ತಿದ್ದೆವು.

ಆ ಆಗಸ್ಟಿನಲ್ಲಿ ಇಪ್ಪತ್ತು ಹಾಳೆ, ಕೇಳುವವರು ನೂರಾರು.

ಮೊದಲ ವಾರ ಯಾರೂ ಹೊರಗೆ ಬರಲಿಲ್ಲ. ಎರಡನೆಯ ವಾರ ಬ್ರೆಡ್ಡಿನ ಸಾಲು ಶುರುವಾಯಿತು, ಅದರ ಹಿಂದೆಯೇ ಟಿ.ಸಿ.ಯ ಸಾಲು. ಈಗ ಯೋಚಿಸಿದರೆ ನಂಬಲಾಗುವುದಿಲ್ಲ. ರಸ್ತೆಯ ತುದಿಯಲ್ಲಿ ಟ್ಯಾಂಕು ನಿಂತಿತ್ತು, ಅಂಗಡಿಗಳ ಶಟರು ಕಿತ್ತು ಬಿದ್ದಿದ್ದವು, ನಮ್ಮ ಜನ ಬೆವರು ಒರೆಸಿಕೊಂಡು ಬಂದು ಕೇಳುತ್ತಿದ್ದದ್ದು ಮಗುವಿನ ಟಿ.ಸಿ. ಪಾಸ್‌ಪೋರ್ಟು, ಕರಿಮಣಿ, ಟಿ.ಸಿ., ಈ ಮೂರಿದ್ದರೆ ಮನುಷ್ಯ ಊರು ಸೇರಿದಂತೆ. ಟಿ.ಸಿ. ಇಲ್ಲದ ಮಗುವನ್ನು ಊರಿನ ಯಾವ ಶಾಲೆಯೂ ಸೇರಿಸುವುದಿಲ್ಲ ಎಂಬುದು ನಮಗೆಲ್ಲ ಸೂರ್ಯ ಮೂಡುವಷ್ಟೇ ಖಚಿತ. ಊರಿಗೆ ಹೋಗುವವರ ಪಟ್ಟಿ ಬರೆಯಲು ನಮ್ಮವರು ಶಾಲೆಯ ಅಂಗಳದಲ್ಲೇ ಮೇಜು ಹಾಕಿದ್ದರಿಂದ ನಾನೂ ಕಚೇರಿ ತೆರೆದು ಕುಳಿತೆ. ಹತ್ತು ದಿನದಲ್ಲಿ ಹತ್ತೊಂಬತ್ತು ಹಾಳೆ ತುಂಬಿಸಿ ಸೀಲು ಒತ್ತಿದೆ. ಇಪ್ಪತ್ತನೆಯದನ್ನು, ಹೊರಡುವಾಗ ತುಂಬಿಸಿ ಸೀಲು ಒತ್ತಿದರಾಯಿತು ಎಂದು, ಖಾಲಿಯಾಗಿಯೇ ಮಡಚಿ ಕೈಚೀಲದ ಒಳಜೇಬಿಗೆ ಹಾಕಿಕೊಂಡೆ. ಅದು ನನ್ನ ಮಗಳು ಶಿಲ್ಪಾಳಿಗೆ. ಮೂರನೇ ತರಗತಿಯ ಮಗು.

ತಿಂಗಳ ಕೊನೆಗೆ ಸೈನಿಕರು ಬಂದು ಶಾಲೆಯನ್ನು ಹಿಡಿದರು. ಕಪಾಟಿಗೆ ಬೀಗ ಹಾಕಲಷ್ಟೇ ನನಗೆ ಹೊತ್ತು ಸಿಕ್ಕಿತು. ರಿಜಿಸ್ಟರುಗಳು, ಸೀಲು ಎಲ್ಲ ಒಳಗೇ ಉಳಿದವು.

ಸೆಪ್ಟೆಂಬರಿನ ಮೊದಲ ಬುಧವಾರ ರಝಾಕಾಕ ನಮ್ಮ ಫ್ಲ್ಯಾಟಿಗೆ ಬಂದರು. ರುಮೈಥಿಯಾದಲ್ಲಿ ಅವರದ್ದೊಂದು ಸಣ್ಣ ದಿನಸಿ ಅಂಗಡಿ. ಉಳ್ಳಾಲದ ಬ್ಯಾರಿ, ನನ್ನನ್ನು ಮೊದಲ ಸಲ ನೋಡಿದಾಗಲೇ ಊರು ಕೇಳಿ, ಸುರತ್ಕಲ್ ಎಂದದ್ದಕ್ಕೆ ಲೆಕ್ಕವಿಲ್ಲದಷ್ಟು ಸಂತೋಷಪಟ್ಟವರು. ಅವರಿಗೂ ಹೆಂಡತಿ ಆಯಿಶಾಬಿಗೂ ಇದ್ದದ್ದು ಒಬ್ಬಳೇ ಮಗಳು, ನಸೀಮಾ. ಹತ್ತನೇ ತರಗತಿ. ಲೆಕ್ಕದಲ್ಲಿ ಶಾಲೆಗೇ ಮೊದಲು.

"ಎಂತ ಟೀಚರೇ, ನಿಮ್ಮ ಶಾಲೆ ಭರ್ತಿ ಆಗಿದೆ ಅಂತ ಕೇಳಿದೆ. ಹೊಸ ಅಡ್ಮಿಷನ್ ಎಲ್ಲ ಮೀಸೆ ಇರುವವರಂತೆ!"

"ನಾನು ಟೀಚರಲ್ಲ ರಝಾಕಾಕ, ಎಷ್ಟು ಸಲ ಹೇಳುವುದು."

"ಶಾಲೆಯಲ್ಲಿ ಇರುವವರೆಲ್ಲ ಟೀಚರೇ. ನನ್ನ ಅಂಗಡಿಯಲ್ಲಿ ಇರುವವರೆಲ್ಲ ಭಾಯಿ ಅಲ್ವಾ, ಹಾಗೆ." ಒಂದು ಪೊಟ್ಟಣ ಬೇಳೆ ಮೇಜಿನ ಮೇಲಿಟ್ಟರು. "ಶನಿವಾರ ಬಸ್ಸು ಉಂಟು. ಬಸ್ರಾ, ಬಗ್ದಾದ್, ಅಲ್ಲಿಂದ ಅಮ್ಮಾನ್. ಮೂರು ಸೀಟು ಹೇಳಿ ಆಗಿದೆ. ನಸೀಮಾನ ಟಿ.ಸಿ. ಒಂದು ಕೊಟ್ಟರೆ..."

"ಹಾಳೆ ಮುಗಿದಿದೆ," ಎಂದೆ. ಸುಳ್ಳು ಸಲೀಸಾಗಿ ಬಂತು. ಅದೇ ಮಾತನ್ನು ಆ ವಾರ ಹಲವರಿಗೆ ಹೇಳಿದ್ದೆ.

ರಝಾಕಾಕ ಒತ್ತಾಯಿಸಲಿಲ್ಲ. "ಹೋಗಲಿ, ನೀವು ಎಂತ ಮಾಡುವುದು. ಮೊದಲು ಊರು ಸೇರುವ. ಒಂದು ವರ್ಷ ಹೋದರೆ ಹೋಯಿತು," ಎಂದು ಎದ್ದರು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, ನನಗೆ ಹೇಳಿದ್ದಲ್ಲ, ತನಗೆ ತಾನೇ ಎಂಬಂತೆ, "ಅವಳಿಗೆ ಹೇಗೆ ಹೇಳುವುದು ಅಂತ. ಬೆಳಗ್ಗೆಯಿಂದ ಪುಸ್ತಕ ಕಟ್ಟುತ್ತಾ ಇದ್ದಾಳೆ," ಎಂದರು.

ಅವರು ಮೆಟ್ಟಿಲಿಳಿದು ಹೋಗಿಬಿಟ್ಟಿದ್ದರೆ! ಆ ಸುಳ್ಳನ್ನು ನಾನು ಇನ್ನೈದು ನಿಮಿಷ ಉಳಿಸಿಕೊಂಡಿದ್ದರೆ! ನನ್ನ ಜೀವಮಾನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳೆಷ್ಟೋ ಗೊತ್ತಿಲ್ಲ, ಆದರೆ ಅತ್ಯಂತ ಕೆಟ್ಟದ್ದು ಆ ಬಾಗಿಲಲ್ಲಿ ಮಾಡಿದ ಒಳ್ಳೆಯ ಕೆಲಸ.

"ನಿಲ್ಲಿ ರಝಾಕಾಕ. ಒಂದು ಹಾಳೆ ಇದೆ. ಶಿಲ್ಪಾಳಿಗೆ ಅಂತ ಇಟ್ಟದ್ದು."

ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಕಚೇರಿಯವಳು. ಹತ್ತನೆಯವರದ್ದು ಬೇರೆ ನಿಯಮ. ಒಂಬತ್ತರಲ್ಲೇ ಅವರ ಹೆಸರು ದಿಲ್ಲಿಯ ಬೋರ್ಡಿನಲ್ಲಿ ನೋಂದಣಿಯಾಗಿರುತ್ತದೆ, ಆ ನಂಬರು ಟಿ.ಸಿ.ಯಲ್ಲಿ ಬರಲೇಬೇಕು. ನಂಬರಿದ್ದದ್ದು ಶಾಲೆಯ ಕಪಾಟಿನ ಹಸಿರು ರಿಜಿಸ್ಟರಿನಲ್ಲಿ. ಸೀಲೂ ಅಲ್ಲೇ. "ಹೀಗೇ ಬರೆದುಕೊಟ್ಟರೆ ಊರಿನಲ್ಲಿ ಇದನ್ನು ಹರಕು ಕಾಗದ ಅಂತಾರೆ. ನಾಲ್ಕೈದು ದಿನ ಕೊಡಿ, ಹೇಗಾದರೂ ಶಾಲೆಯ ಒಳಗೆ ಹೋಗಿ ತರುವ," ಎಂದೆ.

"ಶನಿವಾರದ ಬಸ್ಸು?"

"ಮುಂದಿನ ವಾರವೂ ಬಸ್ಸು ಇದೆಯಂತಲ್ಲ."

ಅವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. "ಆಯ್ತು. ಸೀಟು ಬೇರೆಯವರಿಗೆ ಕೊಡ್ತೇನೆ. ಮಗಳ ವರ್ಷ ಹೋಗುವುದು ಬೇಡ."

ಸದಾನಂದ ಅಂದು ಮನೆಗೆ ಬಂದು ಇದನ್ನು ಕೇಳಿ ನನ್ನನ್ನೇ ನೋಡಿದರು. "ನಿನಗೆ ಮಂಡೆ ಸರಿ ಉಂಟಾ? ಹೊರಡುವವನನ್ನು ನಿಲ್ಲಿಸಿದ್ದಾ?" ಎಂದರು. ನಾನು ಹತ್ತನೆಯವರ ನಿಯಮ ವಿವರಿಸತೊಡಗಿದೆ. ಅವರು ಎದ್ದು ಸ್ನಾನಕ್ಕೆ ಹೋದರು.

ಶನಿವಾರ ಬಸ್ಸು ಹೊರಟಿತು. ಭಾನುವಾರ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ರಝಾಕಾಕನ ಪಿಕಪ್ಪಿನಲ್ಲಿ ನಾವಿಬ್ಬರು ಶಾಲೆಗೆ ಹೋದೆವು. ಗೇಟಿನಲ್ಲಿ ನಮ್ಮ ಈಜಿಪ್ಟಿನ ಕಾವಲುಗಾರ ಅಬು ಹಸನ್ ಇನ್ನೂ ಇದ್ದ. ಹೋಗಲು ಅವನಿಗೆ ಬೇರೆ ಜಾಗವಿರಲಿಲ್ಲ. ಅವನೇ ಒಳಗೆ ಹೋಗಿ ಏನೋ ಹೇಳಿ ಒಬ್ಬ ಸೈನಿಕನನ್ನು ಕರೆತಂದ. ಇಪ್ಪತ್ತು ವರ್ಷ ಇದ್ದೀತು. ಕಾಲಲ್ಲಿ ಬೂಟಿರಲಿಲ್ಲ, ಯಾವುದೋ ಮನೆಯ ಹವಾಯಿ ಚಪ್ಪಲಿ. ರಝಾಕಾಕ ಜೇಬಿನಿಂದ ಸಿಗರೇಟಿನ ಪ್ಯಾಕು ತೆಗೆದು ಅರಬ್ಬಿಯಲ್ಲಿ ಅದೇನೇನೋ ಮಾತಾಡುತ್ತಾ ಅವನ ಕೈಗಿಟ್ಟರು. ಅವರ ಅರಬ್ಬಿ ಅಂಗಡಿಯ ಅರಬ್ಬಿ. ಗಿರಾಕಿ ಯಾರಾದರೂ ನಗಲೇಬೇಕು.

ನಾಲ್ಕನೇ ತರಗತಿಯ ಬೆಂಚು ಒಡೆದು ಅಂಗಳದಲ್ಲಿ ಅಡುಗೆ ಮಾಡುತ್ತಿದ್ದರು. ಕಚೇರಿಯ ಕಪಾಟನ್ನು ಮೀಟಿ ತೆರೆದಿದ್ದರು. ನನ್ನ ಚಾವಿ ವ್ಯರ್ಥ. ನೆಲವೆಲ್ಲ ಕಾಗದ. ಹಸಿರು ರಿಜಿಸ್ಟರು ಕುರ್ಚಿಯ ಕಾಲಿನ ಕೆಳಗೆ ಸಿಕ್ಕಿತು. ಸೈನಿಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹಾಳೆ ತಿರುಗಿಸಿದ.

"ಇಷ್ಟೊಂದು ಹೆಸರು. ಯಾರದ್ದು?"

"ಮಕ್ಕಳದ್ದು," ಎಂದರು ರಝಾಕಾಕ.

"ಎಲ್ಲಿದ್ದಾರೆ ಈ ಮಕ್ಕಳು?"

"ರಜೆಯಲ್ಲಿದ್ದಾರೆ ಸಾರ್."

ಸೈನಿಕ ಗೊಳ್ಳೆಂದು ನಕ್ಕ. ಆಮೇಲೆ ನಗು ನಿಂತು, ಕಿಟಕಿಯ ಹೊರಗೆ ನೋಡುತ್ತಾ, ತನ್ನ ತಮ್ಮನೂ ಶಾಲೆಗೆ ಹೋಗುತ್ತಾನೆ ಎಂದೋ ಏನೋ ಹೇಳಿದ. ಅಷ್ಟರಲ್ಲಿ ನಾನು ಬಗ್ಗಿ ಕಾಗದದ ರಾಶಿಯಲ್ಲಿ ಕೈಯಾಡಿಸಿದೆ. ಸೀಲು ಸಿಕ್ಕಿತು. ಸೆರಗಿನ ಮರೆಯಲ್ಲಿ ಕೈಚೀಲಕ್ಕೆ ಹಾಕಿಕೊಂಡೆ. ಸ್ಟಾಂಪ್ ಪ್ಯಾಡೂ ಸಿಕ್ಕಿತು. "ಯಲ್ಲಾ, ಖಲಾಸ್," ಎಂದು ಸೈನಿಕ ರಿಜಿಸ್ಟರನ್ನು ನನ್ನ ಕೈಗೆ ವಾಪಸು ಕೊಟ್ಟು ನಮ್ಮನ್ನು ಹೊರಗೆ ಕಳಿಸಿದ.

ಪಿಕಪ್ಪಿನಲ್ಲಿ ಕುಳಿತು ತೊಡೆಯ ಮೇಲೆ ರಿಜಿಸ್ಟರಿಟ್ಟು ಟಿ.ಸಿ. ತುಂಬಿಸಿದೆ. ಆ ಬೆವರಿನಲ್ಲೂ ಅಕ್ಷರ ಕೆಡದಂತೆ ಬರೆದೆ. 'ಶಾಲೆ ಬಿಡಲು ಕಾರಣ' ಎಂಬ ಕಾಲಮ್ಮು ಬಂತು.

"ಎಂತ ಬರೀತೀರಿ?" ರಝಾಕಾಕ ಇಣುಕಿದರು.

"ಪೋಷಕರ ಕೋರಿಕೆ."

"ನಾನು ಎಲ್ಲಿ ಕೋರಿದೆ ಮಾರಾಯ್ರೆ? 'ಮನೆಗೆ ನೆಂಟರು ಬಂದು ಹೋಗುವುದೇ ಇಲ್ಲ' ಅಂತ ಬರೀರಿ."

ನಕ್ಕೆ. ಒಂದು ತಿಂಗಳಲ್ಲಿ ನಕ್ಕದ್ದು ಅದೇ ಮೊದಲು. ಸೀಲು ಒತ್ತಲೆಂದು ಪ್ಯಾಡು ತೆರೆದೆ. ಮುಚ್ಚಳ ಹಾರಿಹೋಗಿ ವಾರಗಟ್ಟಲೆ ಆ ಸೆಕೆಯಲ್ಲಿ ಬಿದ್ದಿದ್ದ ಪ್ಯಾಡು ಹಪ್ಪಳದಂತೆ ಒಣಗಿತ್ತು. ಉಗುಳು ಹಚ್ಚಿ ನೋಡಿದೆ, ಬಾಟಲಿಯ ನೀರು ಚಿಮುಕಿಸಿದೆ. ಹಳೆಯ ಕಾಗದವೊಂದರ ಮೇಲೆ ಒತ್ತಿದರೆ ಒದ್ದೆಯ ಒಂದು ಚಕ್ರ ಮಾತ್ರ.

"ನನ್ನ ಅಂಗಡಿಯಲ್ಲಿ ಪ್ಯಾಡುಂಟು," ಎಂದರು ರಝಾಕಾಕ. "ಚೀಟಿಗೆ ಒತ್ತುವುದು, ಒಳ್ಳೆ ನೇರಳೆ ಮಸಿ. ಕೊಡಿ, ನಾನೇ ಒತ್ತಿ ನಾಳೆ ಸೀಲು ವಾಪಸು ತಂದುಕೊಡ್ತೇನೆ."

"ನಾನೂ ಬರ್ತೇನೆ."

"ಮಗು ಪಕ್ಕದ ಮನೆಯಲ್ಲಿ ಒಂದೇ ಅಲ್ವಾ. ನೀವು ಇಳೀರಿ. ಸಹಿಯ ಅರ್ಧದ ಮೇಲೆ ಒತ್ತಬೇಕು, ಗೊತ್ತುಂಟು. ಹತ್ತು ಸಲ ಹೇಳಿದ್ದೀರಿ."

ಸಾಲ್ಮಿಯಾದಲ್ಲಿ ನಮ್ಮ ಕಟ್ಟಡದ ಮುಂದೆ ಇಳಿದೆ. ಕಿಟಕಿಯಿಂದ ಸೀಲು ಅವರ ಕೈಗೆ ಕೊಟ್ಟೆ. ಅದನ್ನವರು ಲೈಟರಿನಂತೆ ಅಂಗಿಯ ಜೇಬಿಗೆ ಹಾಕಿಕೊಂಡರು. ಟಿ.ಸಿ.ಯನ್ನು ಮತ್ತೆ ಮಡಚದೆ, ರಟ್ಟಿನ ನಡುವೆ ಇಟ್ಟು ಸೀಟಿನ ಹಿಂದೆ ನಿಲ್ಲಿಸಿದರು. ಹನ್ನೆರಡೂ ಮುಕ್ಕಾಲು. ಅವರ ಅಂಗಡಿ ಅಲ್ಲಿಂದ ಪಿಕಪ್ಪಿನಲ್ಲಿ ಹತ್ತು ನಿಮಿಷದ ದಾರಿ.

ಮರುದಿನ ಬೆಳಗ್ಗೆ ಆಯಿಶಾಬಿ ಮಗಳ ಕೈ ಹಿಡಿದು ನಡೆದುಕೊಂಡೇ ಬಂದರು. ಬುರ್ಖಾದ ಅಂಚೆಲ್ಲ ಧೂಳು. "ಅವರು ನಿಮ್ಮಲ್ಲಿ ಉಂಟಾ ಟೀಚರೇ?" ಎಂದು ಕೇಳಿದರು. ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ.

ನಡೆದದ್ದನ್ನು ಕಂಡವನು ರುಮೈಥಿಯಾದ ದಾರಿಯ ವೃತ್ತದ ಬಳಿಯ ಇರಾನಿ ರೊಟ್ಟಿ ಅಂಗಡಿಯವನು. ಸದಾನಂದ ಅವನನ್ನು ಹುಡುಕಿ ಮಾತಾಡಿಸಿದರು. ಅಲ್ಲಿನ ಚೆಕ್‌ಪೋಸ್ಟಿನಲ್ಲಿ ಪಿಕಪ್ಪಿನ ಹಿಂದೆ ಅವನದೂ ಗಾಡಿ ಇತ್ತಂತೆ. ಸೈನಿಕನೊಬ್ಬ ರಝಾಕಾಕನ ಜೇಬು ತಡವಿ ದುಂಡಗಿನದೊಂದು ತೆಗೆದ. ತನ್ನ ಅಂಗೈಗೆ ಒತ್ತಿ ನೋಡಿದ, ಏನೂ ಮೂಡಲಿಲ್ಲ. ಆಮೇಲೆ ಬಿಸಿಲಿಗೆ ಹಿಡಿದು ಅಕ್ಷರ ಓದಿದ. ಆ ದೇಶವನ್ನು ಇರಾಕಿನವರು ತಮ್ಮದೇ ಪ್ರಾಂತ್ಯವೆಂದು ಸಾರಿ, ಕುವೈತ್ ಎಂಬ ಹೆಸರೇ ಅಪರಾಧವಾಗಿದ್ದ ದಿನಗಳು ಅವು. ಆ ಹೆಸರಿನ ಸರಕಾರಿ ಮುದ್ರೆಯಂಥದ್ದು ಜೇಬಿನಲ್ಲಿಟ್ಟುಕೊಂಡು ತಿರುಗುವವನು ಅವರ ಕಣ್ಣಿಗೆ ಕಳ್ಳ ಕಾಗದ ಮಾಡುವವನು. ರಝಾಕಾಕ ನಗುತ್ತಾ ಏನೋ ವಿವರಿಸುತ್ತಿದ್ದರಂತೆ. ಹಿಂದಿನ ಗಾಡಿಗಳಿಗೆ ಮುಂದೆ ಹೋಗಿ ಎಂದರಂತೆ. ರೊಟ್ಟಿಯವನು ತಿರುಗಿ ನೋಡಿದಾಗ ಪಿಕಪ್ಪು ಮಾತ್ರ ಇತ್ತಂತೆ, ಬಾಗಿಲು ತೆರೆದೇ.

ಮೂರು ವಾರ ಹುಡುಕಿದೆವು. ಸದಾನಂದ ಪೊಲೀಸ್ ಠಾಣೆಗಳಿಗೆ ಹೋದರು, ಒಂದು ಕಡೆ ಹೊಡೆಸಿಕೊಂಡು ಬಂದರು. ಆಯಿಶಾಬಿ ದಿನಾ ಅಂಗಡಿ ತೆರೆದು ಕೂರುತ್ತಿದ್ದರು. ಮಾರಲು ಏನೂ ಉಳಿದಿರಲಿಲ್ಲ. ಖಾಲಿ ಹಲಗೆಗಳ ನಡುವೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಆ ಸ್ಟಾಂಪ್ ಪ್ಯಾಡು. ಒಮ್ಮೆ ನಾನು ಹೋದಾಗ ನಸೀಮಾ ಅದರ ಮುಚ್ಚಳ ತೆಗೆದು, ಹಾಕಿ, ತೆಗೆದು, ಹಾಕಿ ಮಾಡುತ್ತಿದ್ದಳು. ಆ ಮಸಿ ಇನ್ನೂ ಹಸಿಯಾಗಿಯೇ ಇತ್ತು. ವಾಸನೆ ಅಂಗಡಿಯೆಲ್ಲ ತುಂಬಿತ್ತು.

"ಇಟ್ಸ್ ಮೈ ಫಾಲ್ಟ್, ಆಂಟಿ," ಎಂದಳು. "ಐ ವಾಂಟೆಡ್ ಇಟ್."

ನಿನ್ನದಲ್ಲ ಎಂದು ಅವಳ ತಲೆ ಮುಟ್ಟಲು ಕೈ ಎತ್ತಿದೆ. ಹೇಳಿದರೆ ಯಾರದ್ದು ಎಂದು ಹೇಳಬೇಕಾಗುತ್ತದೆ. ಕೈ ಇಳಿಸಿದೆ. ಆ ಹುಡುಗಿ ಎಷ್ಟು ದಿನ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳೋ!

ಅಕ್ಟೋಬರಿನಲ್ಲಿ ಇನ್ನು ಬಸ್ಸು ಸಿಗಲಿಕ್ಕಿಲ್ಲ ಎಂಬ ಮಾತು ಹಬ್ಬಿದಾಗ ಹೊರಟೆವು. ಆಯಿಶಾಬಿ ಒಪ್ಪಿರಲಿಲ್ಲ. "ಅವರು ಬಂದರೆ ಮನೆಯ ಚಾವಿ ಯಾರ ಹತ್ತಿರ ಕೇಳುವುದು?" ಎಂಬುದೊಂದೇ ಅವರ ಮಾತು. ಕೊನೆಗೆ ಸದಾನಂದ ಆ ರೊಟ್ಟಿಯವನ ಹತ್ತಿರ ಚಾವಿ ಕೊಟ್ಟು ಬಂದ ಮೇಲೆ ಆಯಿಶಾಬಿ ಬಸ್ಸು ಹತ್ತಿದರು. ಬಸ್ರಾ, ಬಗ್ದಾದ್, ಗಡಿಯ ಮರಳಿನಲ್ಲಿ ಡೇರೆ, ನೀರಿನ ಲಾರಿಯ ಹಿಂದೆ ಓಡುವ ಜನ. ಒಂಬತ್ತು ದಿನ. ನಸೀಮಾ ದಾರಿಯುದ್ದಕ್ಕೂ ಲೆಕ್ಕದ ಪುಸ್ತಕವನ್ನು ಎದೆಗೆ ಅವಚಿಕೊಂಡಿದ್ದಳು, ತೆರೆಯಲಿಲ್ಲ. ಅಮ್ಮಾನಿನಿಂದ ವಿಮಾನದಲ್ಲಿ ಬೊಂಬಾಯಿ, ಅಲ್ಲಿಂದ ಬಸ್ಸಿನಲ್ಲಿ ಮಂಗಳೂರು.

ಉಳ್ಳಾಲದಲ್ಲಿ ಆಯಿಶಾಬಿಯ ಅಣ್ಣನ ಮನೆಗೆ ಹತ್ತಿರವೇ ಒಂದು ಹೈಸ್ಕೂಲು. ನಸೀಮಾಳನ್ನು ಸೇರಿಸಲು ನಾನೂ ಹೋದೆ. ಏನು ಹೇಳಿ ಬೇಡಿಕೊಳ್ಳಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ. ಟಿ.ಸಿ. ಇಲ್ಲ ಮೇಡಂ, ನಂಬರು ಇದೆ, ನಾನೇ ಆ ಶಾಲೆಯ ಕಚೇರಿಯವಳು, ಬೇಕಾದರೆ ಬರೆದುಕೊಡುತ್ತೇನೆ... ಹೆಡ್‌ಮಿಸ್ ಕನ್ನಡಕದ ಮೇಲಿನಿಂದ ನೋಡಿ ಕೈ ಅಡ್ಡ ಹಿಡಿದರು.

"ಕುವೈತಿನವರಾ? ಟಿ.ಸಿ. ಬೇಡಮ್ಮ. ಅಲ್ಲಿಂದ ಬಂದ ಮಕ್ಕಳನ್ನು ಹಾಗೇ ಸೇರಿಸಿಕೊಳ್ಳಿ ಅಂತ ನಮಗೆ ಹೇಳಿದ್ದಾರೆ. ಆಗಲೇ ನಾಲ್ಕು ಜನ ಸೇರಿದ್ದಾರೆ. ತಂದೆ ಒಂದು ಹೇಳಿಕೆ ಬರೆದು ಸಹಿ ಹಾಕಿದರೆ ಸಾಕು." ಪೆನ್ನಿನ ಮುಚ್ಚಳ ತೆಗೆದರು. "ತಂದೆ ಬಂದಿದ್ದಾರಾ?"

ಟಿ.ಸಿ. ಬೇಡ, ತಂದೆ ಸಾಕು.

ಆ ಕೋಣೆಯಲ್ಲಿ ಮುಂದೇನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಯಾರೋ ನೀರು ಕೊಟ್ಟರು. ಆಯಿಶಾಬಿ 'ತಂದೆ ವಿದೇಶದಲ್ಲಿದ್ದಾರೆ' ಎಂದು ಬರೆಸಿ, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಸಹಿ ಹಾಕಿದರು. ಹೊರಗೆ ಬಂದ ಮೇಲೆ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಸುಳ್ಳು ಹೇಳಿದ್ದು, ಆಮೇಲೆ ಕರೆದದ್ದು, ಬಸ್ಸು ತಪ್ಪಿಸಿದ್ದು, ಸೀಲು ಕೊಟ್ಟದ್ದು. ಆಯಿಶಾಬಿ ಕೇಳಿ ಮುಗಿಸಿ, "ನನಗೆ ಗೊತ್ತುಂಟು. ಆ ಬುಧವಾರ ಅವರು ಹೇಳಿದ್ದರು, ಟೀಚರು ತನ್ನ ಮಗುವಿಗೆ ಇಟ್ಟದ್ದನ್ನು ನಮಗೆ ಕೊಡ್ತಾ ಇದ್ದಾರೆ ಅಂತ," ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಜನವರಿಯಲ್ಲಿ ಯುದ್ಧ, ಫೆಬ್ರವರಿಯ ಕೊನೆಗೆ ಕುವೈತಿನ ಬಿಡುಗಡೆ. ರೇಡಿಯೋದ ಪಕ್ಕ ಕುಳಿತೆವು. ಸೆರೆಯಿಂದ ಬಿಟ್ಟವರ ಪಟ್ಟಿ ಎಲ್ಲೆಲ್ಲಿ ಸಿಗುತ್ತದೆಂದು ಕೇಳಿ ಕೇಳಿ ಪತ್ರ ಬರೆದೆ. ನನ್ನ ಕೈಬರಹ ಚೆಂದ, ಎಲ್ಲರೂ ಹಾಗೆನ್ನುತ್ತಾರೆ. ಚೆಂದದ ಹಲವು ಪತ್ರಗಳಿಗೆ ಉತ್ತರ ಬಂದದ್ದು ಎರಡಕ್ಕೆ. ಎರಡರಲ್ಲೂ ಆ ಹೆಸರಿನವರು ಇಲ್ಲ. ಕುವೈತಿಗೆ ಮರಳಿದವನೊಬ್ಬ ಬರೆದ, ರೊಟ್ಟಿ ಅಂಗಡಿ ಸುಟ್ಟುಹೋಗಿದೆ, ಇರಾನಿ ಎಲ್ಲಿದ್ದಾನೋ ತಿಳಿಯದು. ಚಾವಿಯೂ ಹೋಯಿತು.

ಆ ವರ್ಷವೆಲ್ಲ ನಾನು ಬೆಳಗ್ಗೆ ಐದೂ ಹತ್ತಕ್ಕೆ ಎಚ್ಚರಗೊಳ್ಳುತ್ತಿದ್ದೆ. ಅದಕ್ಕೂ ಮೊದಲು ನಿದ್ದೆ ಬಂದಿರುತ್ತಿತ್ತು ಎಂದಲ್ಲ. ಆಯಿಶಾಬಿಯೂ ಹಾಗೆಯೇ, ಹೊರಗೆ ಯಾವುದೇ ಗಾಡಿ ನಿಂತರೂ ಎದ್ದು ಕೂರುತ್ತಾಳೆ ಎಂದು ಅವರ ಅತ್ತಿಗೆ ದೂರಿದ್ದರು.

ನಸೀಮಾ ಪಾಸಾದಳು. ಕನ್ನಡ ಓದಲು ಆಗಷ್ಟೇ ಕಲಿತವಳು ಅದರಲ್ಲಿ ಹೇಗೋ ದಾಟಿದಳು. ಲೆಕ್ಕದಲ್ಲಿ ಮಾತ್ರ ತರಗತಿಗೆ ಮೊದಲು. ಯಾರೂ ಸಿಹಿ ಹಂಚಲಿಲ್ಲ. ಕಾಲೇಜಿಗೆ ಸೇರಲು ಹೈಸ್ಕೂಲಿನಿಂದ ಟಿ.ಸಿ. ತರಬೇಕಿತ್ತು. ಜೂನ್ ತಿಂಗಳ ಮಳೆಯಲ್ಲಿ ಮೂವರೂ ಹೋದೆವು. ಗುಮಾಸ್ತರು ವಯಸ್ಸಾದವರು, ಒಳ್ಳೆಯ ಮನುಷ್ಯ. ಅರ್ಜಿ ನೋಡಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು.

"ಇಲ್ಲಿ ತಂದೆಯ ಸಹಿ ಬೇಕಲ್ಲ."

"ತಾಯಿ ಹಾಕಿದ್ದಾರೆ," ಎಂದೆ.

"ಹೌದು. ಆದರೆ ತಂದೆ ವಿದೇಶದಲ್ಲಿ ಅಂತ ಉಂಟು. ಇದ್ದಾರೆ ಅಂತಾದರೆ ಅವರಿಂದ ಕಾಗದ ತರಿಸಬೇಕು. ಇಲ್ಲ ಅಂತಾದರೆ ತಾಯಿ ಸಹಿ ಸಾಕು, ಹೆಸರಿನ ಹಿಂದೆ ದಿವಂಗತ ಅಂತ ಬರೀಬೇಕು." ಅವರು ಸ್ವರ ತಗ್ಗಿಸಿದರು. "ನಾನೇನು ಮಾಡಲಮ್ಮ, ಕಾಲಮ್ಮು ಹಾಗುಂಟು. ಇವತ್ತೇ ಅಂತ ಇಲ್ಲ, ಯೋಚಿಸಿ ಬನ್ನಿ. ಕಾಲೇಜಿನಲ್ಲಿ ಮಾತ್ರ ನಾಳೆ ಕೊನೆ ದಿನ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆರು ವರ್ಷ ಹೇಳಿದ್ದೆ.

"ಡೋಂಟ್ ರೈಟ್ ಇಟ್, ಆಂಟಿ," ಎಂದಳು ನಸೀಮಾ. "ಪ್ಲೀಸ್. ಐ ಡೋಂಟ್ ವಾಂಟ್ ಕಾಲೇಜ್."

ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಆಯಿಶಾಬಿ ಒದ್ದೆ ಕೊಡೆಯನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದರು.

"ಬರೀರಿ ಟೀಚರೇ."

"ಆಯಿಶಾಬಿ..."

"ನೀವೇ ಬರೀರಿ. ಮಗಳ ವರ್ಷ ಹೋಗುವುದು ಬೇಡ ಅಂತ ಅವರೇ ಹೇಳಿದ್ದಲ್ವಾ."

ಬರೆದೆ. ಅಕ್ಷರ ಕೆಡಲಿಲ್ಲ. ಗುಮಾಸ್ತರು ಟಿ.ಸಿ. ತುಂಬಿಸಿದರು, ಹೆಡ್‌ಮಿಸ್ ಸಹಿ ಹಾಕಿದರು. ಗುಮಾಸ್ತರು ಪ್ಯಾಡು ತೆರೆದು, ಸೀಲನ್ನು ಎರಡು ಸಲ ಕುಟ್ಟಿ, ಸಹಿಯ ಅರ್ಧದ ಮೇಲೆ ಬರುವಂತೆ ಒತ್ತಿದರು. ನೇರಳೆ ಬಣ್ಣದಲ್ಲಿ ಚೆನ್ನಾಗಿ ಮೂಡಿತು.

ಆಯಿಶಾಬಿ ಅಣ್ಣನ ಮನೆಗೆ ಹೋಗಲು ಒಪ್ಪಲಿಲ್ಲ. "ಇದನ್ನು ಹೇಳಿದರೆ ಇವತ್ತೇ ಇದ್ದತ್ ಕೂರಿಸ್ತಾರೆ. ಗಂಡ ಹೋದವಳು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರುವ ಹಾಗಿಲ್ಲ. ಇವತ್ತೊಂದು ದಿನ ನಿಮ್ಮಲ್ಲಿ ಇರ್ತೇನೆ," ಎಂದರು. ಸುರತ್ಕಲ್ಲಿಗೆ ಬಂದೆವು. ಸದಾನಂದ ಏನೂ ಕೇಳದೆ ಚಾಪೆ ಹಾಸಿಕೊಟ್ಟರು. ಗಂಜಿ ಉಂಡು ಮಲಗಿದೆವು.

ಶಿಲ್ಪಾ ಬಂದು ಅಲುಗಿಸಿದಾಗ ಗಡಿಯಾರದಲ್ಲಿ ಏಳು ದಾಟಿತ್ತು. ಪಕ್ಕದ ಚಾಪೆಯಲ್ಲಿ ತಾಯಿ ಮಗಳು ಒಂದೇ ಹೊದಿಕೆಯಲ್ಲಿ ಮಲಗಿದ್ದರು. ಆಯಿಶಾಬಿ ಗಡಬಡಿಸಿ ಎದ್ದು ಕುಳಿತರು.

"ಮಸೀದಿಯಲ್ಲಿ ಬಾಂಗ್ ಆಯ್ತಾ?"

"ಯಾವಾಗಲೋ ಆಗಿದೆ."

"ನನಗೆ ಕೇಳಲೇ ಇಲ್ಲ," ಎಂದರು. ಆಮೇಲೆ ನನ್ನನ್ನು ನೋಡಿದರು. ಐದೂ ಹತ್ತಕ್ಕೆ ನನಗೂ ಎಚ್ಚರವಾಗಿರಲಿಲ್ಲ. ನಾವಿಬ್ಬರೂ, ಹಿಂದಿನ ದಿನ ರಝಾಕಾಕನ ಹೆಸರಿಗೆ ದಿವಂಗತ ಎಂದು ಸೇರಿಸಿ ಬಂದವರು, ಬೆಳಗಿನವರೆಗೆ ನಿದ್ದೆ ಮಾಡಿಬಿಟ್ಟಿದ್ದೆವು.